ನಾದಿನಿ ಸಂಸಾರ 5 ವಾರಕ್ಕೆ ಬರ್ತಿದೆ, ಮನೇಲಿ ಎಸ್ಸೆಸ್ಸೆಲ್ಸಿ ಹುಡುಗಿ: ಹೇಗೆ ಹೊಂದಿಸೋದು?

ಸೂಜಿಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರು, ಎರಡು ಬೆಡ್‌ರೂಮಿನ ಸ್ವಂತ ಮನೆ. ನಾವಿಬ್ಬರು, ಅತ್ತೆ, ಹತ್ತನೇ ಕ್ಲಾಸಿನ ಮಗಳು. ನ್ಯೂಜೆರ್ಸಿಯಿಂದ ನಾದಿನಿ, ಅವಳ ಗಂಡ, 9 ಮತ್ತು 4 ವರ್ಷದ ಇಬ್ಬರು ಮಕ್ಕಳು ಡಿಸೆಂಬರ್ 12ಕ್ಕೆ ಬಂದು ಜನವರಿ 17ಕ್ಕೆ ಹೊರಡ್ತಾರೆ. ಅಷ್ಟೂ ದಿನ ನಮ್ಮನೇಲೇ. ಹೋಟೆಲ್ ಅನ್ನೋ ಮಾತು ಎತ್ತಿದರೆ ಅತ್ತೆ ಊಟ ಬಿಡ್ತಾರೆ, ಹಾಗಾಗಿ ಆ ಸಲಹೆ ದಯವಿಟ್ಟು ಬೇಡ.

ಮನೆಯ ಲೆಕ್ಕ ಹೀಗಿದೆ. ಬಚ್ಚಲು ಎರಡು, ಗೀಜರ್ ಒಂದೇ (15 ಲೀಟರ್, ನಮ್ಮ ಬೆಡ್‌ರೂಮಿಗೆ ಹೊಂದಿಕೊಂಡ ಬಚ್ಚಲಲ್ಲಿ). ಟೆರೇಸ್ ಮೇಲೆ 1000 ಲೀಟರ್ ಟ್ಯಾಂಕ್, ಕೆಳಗೆ ಸಂಪ್ ಇದೆ. ಇನ್ವರ್ಟರ್ ಇದೆ. ನಾದಿನಿ ಗಂಡ ಮೊದಲ ಮೂರು ವಾರ ಇಲ್ಲಿಂದಲೇ ಕೆಲಸ ಮಾಡ್ತಾರಂತೆ, ಅಂದರೆ ರಾತ್ರಿ ಪಾಳಿ. ಮಗಳಿಗೆ ಜನವರಿಯಲ್ಲಿ ಪ್ರಿಪರೇಟರಿ ಪರೀಕ್ಷೆ. ಬೆಳಗ್ಗೆ 5ಕ್ಕೆ ಎದ್ದು ಓದೋ ಅಭ್ಯಾಸ ಅವಳಿಗೆ. ಇದರ ಜೊತೆ ಚಿಕ್ಕವನ ಜವಳವನ್ನೂ ಇದೇ ಸಲ ಮುಗಿಸಬೇಕು ಅಂತ ಅತ್ತೆ.

ಬಿಸಿನೀರು, ಮಲಗೋ ವ್ಯವಸ್ಥೆ, ಅಡುಗೆ, ಮಕ್ಕಳ ಹೊಟ್ಟೆ: ಯಾವುದಕ್ಕೆ ಈಗಿಂದಲೇ ಏನು ಮಾಡಿಟ್ಟುಕೊಳ್ಳಬೇಕು? ಲೆಕ್ಕ ಸಮೇತ ಹೇಳಿದರೆ ಉಪಕಾರ.

ಫ್ಯೂಸ್‌ಕ್ಯಾರಿಯರ್

ಮೊದಲು ಬಿಸಿನೀರು, ಯಾಕಂದರೆ ಜಗಳ ಶುರುವಾಗೋದೇ ಅಲ್ಲಿಂದ.

15 ಲೀಟರ್, 2 ಕಿಲೋವ್ಯಾಟ್ ಗೀಜರ್ 20 ಡಿಗ್ರಿಯ ನೀರನ್ನು 60ಕ್ಕೆ ಏರಿಸೋಕೆ 21 ನಿಮಿಷ ತಗೊಳ್ಳುತ್ತೆ. ಅದಕ್ಕೆ ಅಷ್ಟೇ ತಣ್ಣೀರು ಬೆರೆಸಿದರೆ ಸ್ನಾನದ ಹದದ ನೀರು 30 ಲೀಟರ್, ಅಂದರೆ 20 ಲೀಟರಿನ ಬಕೆಟ್ಟಿಗೆ ಒಂದೂವರೆ. ಇದು ಕಾಗದದ ಮೇಲೆ. ಬಿಸಿನೀರು ಹೊರಗೆ ಬಂದಷ್ಟೂ ಒಳಗೆ ತಣ್ಣೀರು ಸೇರ್ತಾ ಹೋಗುವುದರಿಂದ ಕೈಗೆ ಸಿಗೋದು ಒಂದು ಬಕೆಟ್, ಮೇಲೆ ನಾಲ್ಕಾರು ಚೊಂಬು. ಎಂಟು ಜನ ಸಾಲಾಗಿ ನಿಂತರೆ ಕೊನೆಯವರ ಸ್ನಾನ ಮುಗಿಯೋಕೆ ಮೂರು ಗಂಟೆ. ಅಲ್ಲಿಂದ ಬಂದವರು ಶವರ್ ತಿರುಗಿಸಿದರೋ, ನಿಮಿಷಕ್ಕೆ 8 ಲೀಟರಿನಂತೆ ನಾಲ್ಕು ನಿಮಿಷದೊಳಗೆ ತಣ್ಣೀರು. ಸೋಪು ಮೈಮೇಲೇ ಇರುತ್ತೆ.

ಎರಡನೇ ಬಚ್ಚಲಿಗೆ ಇನ್ನೊಂದು ಸ್ಟೋರೇಜ್ ಗೀಜರ್ ತರೋ ಬದಲು 3 ಲೀಟರಿನ ಇನ್‌ಸ್ಟಂಟ್ ಗೀಜರ್ (3 ಕಿಲೋವ್ಯಾಟ್) ಹಾಕಿಸಿ. ನಲ್ಲಿ ಸಣ್ಣಗೆ ಬಿಟ್ಟರೆ ನಿಮಿಷಕ್ಕೆ 2 ಲೀಟರಿಗಿಂತ ಸ್ವಲ್ಪ ಹೆಚ್ಚು ಹದವಾದ ನೀರು ಬರುತ್ತೆ, ಒಂಬತ್ತು ಹತ್ತು ನಿಮಿಷಕ್ಕೆ ಬಕೆಟ್ ತುಂಬುತ್ತೆ, ಕಾಯೋ ಮಾತಿಲ್ಲ. ನಲ್ಲಿ ಜೋರಾಗಿ ಬಿಟ್ಟು "ಬಿಸಿಯೇ ಆಗ್ತಿಲ್ಲ" ಅನ್ನೋರೇ ಜಾಸ್ತಿ, ಇದನ್ನು ಬಂದ ದಿನವೇ ತೋರಿಸಿಕೊಡಿ. ಅದು 13 ಆಂಪಿಯರ್ ಎಳೆಯುತ್ತೆ. 16 ಆಂಪಿಯರ್ ಪಾಯಿಂಟ್, 4 ಚದರ ಮಿಮೀ ತಂತಿ, ಸರಿಯಾದ ಅರ್ತಿಂಗ್ ಇರಲೇಬೇಕು. ಮಿಕ್ಸಿಯ 6 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ಓಡಿಸಿದರೆ ಸಾಕೆಟ್ ಕರಗುತ್ತೆ. ನಾಲ್ಕು ವರ್ಷದ ಮಗು ಓಡಾಡೋ ಮನೇಲಿ ಬಕೆಟ್ಟಿಗೆ ಕಾಯಿಲ್ ಇಳಿಬಿಡೋ ಯೋಚನೆಯಂತೂ ಬೇಡ.

ಇನ್ನೊಂದು ಮಾತು. ನಿಮ್ಮ ಗೀಜರಿನ ಥರ್ಮೋಸ್ಟಾಟ್ ತಿರುಗಿಸೋ ಹಾಗಿದ್ದರೆ 50ಕ್ಕೆ ಇಳಿಸಿ. 60 ಡಿಗ್ರಿಯ ನೀರು ಮಗುವಿನ ಚರ್ಮ ಸುಡೋಕೆ ಐದು ಸೆಕೆಂಡೂ ಬೇಡ. ಅಲ್ಲಿಯ ಮಕ್ಕಳಿಗೆ ಒಂದೇ ನಲ್ಲಿಯಲ್ಲಿ ಬೆರೆತು ಬರೋ ನೀರು ಗೊತ್ತು, ಇಲ್ಲಿ ಕೆಂಪು ಗುರುತಿನ ನಲ್ಲಿಯನ್ನು ಬೇರೆ ತಿರುಗಿಸಿಬಿಡ್ತಾರೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ. ಈ ಕ್ರಮ ಮನೆಯವರೆಲ್ಲ ಪಾಲಿಸಬೇಕು.

ಕರೆಂಟ್ ಬಿಲ್: ಒಂದು ಬಕೆಟ್ ಸ್ನಾನಕ್ಕೆ ಸುಮಾರು ಅರ್ಧ ಯೂನಿಟ್. ನಾಲ್ಕು ಜನ ಹೆಚ್ಚಿದರೆ ದಿನಕ್ಕೆ 2 ಯೂನಿಟ್, ಐದು ವಾರಕ್ಕೆ ಬರೀ ಸ್ನಾನದ್ದೇ 70. ಇಸ್ತ್ರಿ, ವಾಷಿಂಗ್ ಮೆಷಿನ್, ರಾತ್ರಿಯಿಡೀ ದೀಪ ಬೇರೆ. ಗೃಹಜ್ಯೋತಿಯಲ್ಲಿ ಇದ್ದೀರಾದರೆ ಗಮನಿಸಿ: ನಿಮಗೆ ಗೊತ್ತು ಮಾಡಿದ ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಿನದ್ದಕ್ಕೆ ಮಾತ್ರ ಕಟ್ಟಬೇಕು, 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಅವರು ಇರೋ ದಿನಗಳು ಎರಡು ಬಿಲ್ಲಿಗೆ ಹಂಚಿಹೋಗುತ್ತವೆ, ಹಾಗಾಗಿ ಮೀಟರ್ ಓದೋ ತಾರೀಕು ನೋಡಿಕೊಂಡರೆ ಎಲ್ಲಿ ಕೈ ಬಿಗಿ ಹಿಡಿಯಬೇಕು ಅಂತ ತಿಳಿಯುತ್ತೆ.

ನೀರು ತಲೆಗೆ 135 ಲೀಟರ್ ಅಂದರೂ ದಿನಕ್ಕೆ 1000 ದಾಟುತ್ತೆ. ನಿಮ್ಮ ಟ್ಯಾಂಕ್ ದಿನಕ್ಕೊಂದು ಸಲ ಪೂರ್ತಿ ಖಾಲಿಯಾಗುತ್ತೆ ಅಂತ ಇಟ್ಟುಕೊಳ್ಳಿ. ಮೋಟರ್ ಹಾಕೋ ಹೊತ್ತನ್ನ ಬೆಳಗ್ಗೆ 5ಕ್ಕೆ ಇಡಬೇಡಿ, ಮಗಳು ಓದೋ ಹೊತ್ತು ಅದು. ರಾತ್ರಿ 8ಕ್ಕೆ ತುಂಬಿಸಿ. ಅವರು ಬರುವ ಮುಂಚೆ ಸಂಪು, ಟ್ಯಾಂಕ್ ಎರಡನ್ನೂ ತೊಳೆಸಿ, ವಾಲ್ವಿನ ಫ್ಲೋಟ್ ನೋಡಿಸಿ.

ರಾತ್ರಿ ಕೆಲಸಕ್ಕೆ ಇನ್ವರ್ಟರ್ ಸಾಕು. 150 ಎಎಚ್ ಬ್ಯಾಟರಿ ಚೆನ್ನಾಗಿದ್ದರೆ ಕೈಗೆ ಸಿಗೋದು ಸುಮಾರು 1.3 ಯೂನಿಟ್. ಲ್ಯಾಪ್‌ಟಾಪ್ 60, ಮಾನಿಟರ್ 25, ರೌಟರ್ ಮತ್ತು ಫೈಬರ್ ಡಬ್ಬಿ 20, ಒಂದು ದೀಪ 10 ವ್ಯಾಟ್. ಹತ್ತು ಗಂಟೆ ಎಳೆಯುತ್ತೆ. ನಾಲ್ಕೈದು ವರ್ಷದ ಬ್ಯಾಟರಿ ಆದರೆ ಅರ್ಧ. ಎಡವಟ್ಟಾಗೋದು ಬೇರೆ ಕಡೆ: ರೌಟರ್ ಇನ್ವರ್ಟರ್ ಲೈನಿನಲ್ಲಿ ಇರುತ್ತೆ, ಗೋಡೆ ಮೂಲೆಯ ಫೈಬರ್ ಡಬ್ಬಿ ಮಾತ್ರ ಮಾಮೂಲಿ ಸಾಕೆಟ್ಟಿನಲ್ಲಿ. ಕರೆಂಟ್ ಹೋದಾಗ ವೈಫೈ ಕಾಣುತ್ತೆ, ಇಂಟರ್ನೆಟ್ ಇರಲ್ಲ. ಈಗಲೇ ಮೇನ್ ಆಫ್ ಮಾಡಿ ಪರೀಕ್ಷಿಸಿ.

ಜರ್ಸಿಸಿಟಿ_ಕನ್ನಡಿಗ

ಈ ಕಡೆಯಿಂದ ನಾದಿನಿಗೆ ಹೇಳಬೇಕಾದ್ದು ಕೆಲವಿವೆ. ಇವು ಅವರ ಕೆಲಸ, ಆದರೆ ತಪ್ಪಿದರೆ ತಲೆನೋವು ನಿಮ್ಮ ಮನೆಗೂ ಬರುತ್ತೆ.

ಮಕ್ಕಳು ಅಮೆರಿಕದ ಪಾಸ್‌ಪೋರ್ಟಿನವರಾದರೆ ಓಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಕಾರ್ಡ್) ಇದೆಯಾ ಕೇಳಿ. ಇದ್ದು, ನಡುವೆ ಪಾಸ್‌ಪೋರ್ಟ್ ಬದಲಾಗಿದ್ದರೆ ಕಾರ್ಡ್ ಹೊಸದಾಗಿ ಮಾಡಿಸಬೇಕಾಗಿಲ್ಲ, ಹೊಸ ಪಾಸ್‌ಪೋರ್ಟ್ ಬಂದ ಮೂರು ತಿಂಗಳೊಳಗೆ ಪ್ರತಿ ಮತ್ತು ಫೋಟೋವನ್ನು ಆನ್‌ಲೈನಿನಲ್ಲಿ ಏರಿಸಬೇಕು. ಓಸಿಐಯೇ ಇಲ್ಲದಿದ್ದರೆ ಇ-ಟೂರಿಸ್ಟ್ ವೀಸಾ, ಕಡೇಪಕ್ಷ ನಾಲ್ಕು ದಿನ ಮುಂಚೆ ಅರ್ಜಿ ಹಾಕಬೇಕು. ವಾರಗಳ ಮುಂಚೆ ಹಾಕಿದರೆ ನೆಮ್ಮದಿ. 30 ದಿನದ್ದು ತಗೊಂಡರೆ ಅವರ 36 ದಿನಕ್ಕೆ ಸಾಲಲ್ಲ, ಒಂದು ವರ್ಷದ್ದು ಬೇಕು.

ಅಪ್ಪ ಅಮ್ಮ ಎಚ್-1ಬಿ (ಅಮೆರಿಕದಲ್ಲಿ ಕೆಲಸ ಮಾಡೋರ ವೀಸಾ) ಮೇಲಿದ್ದು ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿದ್ದರೆ, ಇಡೀ ಪ್ರವಾಸದ ಹಣೆಬರಹ ಅದೇ. 2025ರ ಡಿಸೆಂಬರ್‌ನಲ್ಲಿ ಎಷ್ಟೋ ಜನರ ಸ್ಟ್ಯಾಂಪಿಂಗ್ ಅಪಾಯಿಂಟ್‌ಮೆಂಟುಗಳು ಏಕಾಏಕಿ ತಿಂಗಳುಗಟ್ಟಲೆ ಮುಂದೆ ಹೋದವು, ಜನ ಊರಲ್ಲೇ ಸಿಕ್ಕಿಕೊಂಡರು. ಸ್ಟ್ಯಾಂಪಿಂಗ್ ಇದ್ದರೆ ವಾಪಸ್ ಟಿಕೆಟ್ ತಾರೀಕು ಬದಲಿಸಬಹುದಾದ್ದೇ ಇರಲಿ. ಇಂಡಿಯಾದಿಂದ ಕೆಲಸ ಮಾಡೋಕೂ ಕಂಪನಿಯ ಲಿಖಿತ ಒಪ್ಪಿಗೆ ಬೇಕು. ಕೆಲವು ಕಂಪನಿಗಳ ಲ್ಯಾಪ್‌ಟಾಪ್ ಇಂಡಿಯಾದಲ್ಲಿ ಲಾಗಿನ್ನೇ ಆಗಲ್ಲ.

ದೊಡ್ಡ ಮಗುವಿನ ಶಾಲೆ: ಕ್ರಿಸ್‌ಮಸ್ ರಜೆ ಬಿಟ್ಟು ಲೆಕ್ಕ ಹಾಕಿದರೆ ಸುಮಾರು 18 ಶಾಲಾ ದಿನ ತಪ್ಪುತ್ತೆ. ನ್ಯೂಜೆರ್ಸಿಯಲ್ಲಿ ವರ್ಷಕ್ಕೆ 180 ದಿನ, ಅದರ ಶೇಕಡ 10 ತಪ್ಪಿದರೆ "ದೀರ್ಘ ಗೈರು" ಪಟ್ಟಿಗೆ ಹೆಸರು ಹೋಗುತ್ತೆ. ಸರಿಯಾಗಿ ಅಂಚಿನಲ್ಲಿದ್ದಾರೆ. ಪ್ರವಾಸವನ್ನು ಶಾಲೆ ಸಕಾರಣ ಗೈರು ಅಂತ ಒಪ್ಪಲ್ಲ. ಮುಂಚೆಯೇ ಪತ್ರ ಕೊಟ್ಟು ಪಾಠ ತಂದುಕೊಳ್ಳಲಿ. ಇದರಿಂದ ನಿಮಗೂ ಲಾಭ: ನಿಮ್ಮ ಮಗಳು ಓದೋ ಹೊತ್ತಲ್ಲೇ ಆ ಮಗುವಿಗೂ ದಿನಾ ಒಂದು ಗಂಟೆ ಪಾಠ ಇರುತ್ತೆ.

ಈಗ ನಿದ್ದೆ. ವ್ಯತ್ಯಾಸ ಹತ್ತೂವರೆ ಗಂಟೆ. ದೇಹ ದಿನಕ್ಕೆ ಹೆಚ್ಚೂಕಮ್ಮಿ ಒಂದು ಗಂಟೆ ಹೊಂದಿಕೊಳ್ಳುತ್ತೆ, ಹಾಗಾಗಿ ಒಂದು ವಾರಕ್ಕಿಂತ ಮುಂಚೆ ಸರಿಹೋಗುತ್ತೆ ಅಂತ ನಿರೀಕ್ಷಿಸಬೇಡಿ. ಮೊದಲ ನಾಲ್ಕೈದು ರಾತ್ರಿ ಮಕ್ಕಳು ಒಂದು ಎರಡು ಗಂಟೆಗೆ ಎದ್ದು ಕೂರ್ತಾರೆ, ಹಸಿವು ಅಂತಾರೆ. ಬೈದು ಮಲಗಿಸೋಕಾಗಲ್ಲ. ಬಾಳೆಹಣ್ಣು, ಬ್ರೆಡ್ಡು, ಒಂದು ಡಬ್ಬಿ ಮೊಸರನ್ನ, ಫ್ಲಾಸ್ಕಿನಲ್ಲಿ ಹಾಲು ಹಾಲಿನಲ್ಲೇ (ಕೋಣೆಯ ಹಾಲು) ಇಟ್ಟುಬಿಡಿ, ಅಡುಗೆಮನೆ ದೀಪ ಹಾಕೋ ಅಗತ್ಯ ಬೀಳಬಾರದು. ಬೆಳಗ್ಗೆ 7ರಿಂದ 9ರೊಳಗೆ ಬಿಸಿಲಿಗೆ ಕರೆದುಕೊಂಡು ಹೋಗಿ, ಹಗಲು ನಿದ್ದೆ ಮಧ್ಯಾಹ್ನ 3ರ ಒಳಗೆ, ಅದೂ ಒಂದು ಗಂಟೆ ಮೀರದ ಹಾಗೆ. "ಪಾಪ ಸುಸ್ತಾಗಿದೆ, ಮಲಗಲಿ" ಅಂತ ಅಜ್ಜಿ ಸಂಜೆ ಆರರವರೆಗೆ ಮಲಗಿಸಿದರೆ ಆ ರಾತ್ರಿ ಮನೆಯವರೆಲ್ಲರ ಜಾಗರಣೆ.

ಅವರ ಅಪ್ಪನ ವಿಷಯ ಉಲ್ಟಾ. ಅಮೆರಿಕದ 9ರಿಂದ 5 ಅಂದರೆ ಊರಲ್ಲಿ ಸಂಜೆ 7:30ರಿಂದ ಬೆಳಗಿನ ಜಾವ 3:30. ಅವರು ಹೊಂದಿಕೊಳ್ಳಲೇಬೇಕಾಗಿಲ್ಲ, ಆದರೆ ಬೆಳಗ್ಗೆ 11ರವರೆಗೆ ಕತ್ತಲ ಕೋಣೆ ಬೇಕು.

ಕೊನೆಗೆ, ಅಮೆರಿಕದಿಂದ ತರೋ ಎಲೆಕ್ಟ್ರಿಕ್ ವಸ್ತುಗಳು. ಚಾರ್ಜರಿನ ಮೇಲೆ 100-240 ಅಂತ ಇದ್ದರೆ ಪಿನ್ ಬದಲಿಸೋ ಅಡಾಪ್ಟರ್ ಸಾಕು. ಹೇರ್ ಡ್ರೈಯರ್, ಕೂದಲು ಸುರುಳಿ ಮಾಡೋದು, ಹಾಲಿನ ಬಾಟಲಿ ಬಿಸಿ ಮಾಡೋದು, ಇವೆಲ್ಲ ಸಾಮಾನ್ಯವಾಗಿ 120 ವೋಲ್ಟಿನವು. ನಮ್ಮ 230ಕ್ಕೆ ಹಾಕಿದ ಕ್ಷಣ ಹೊಗೆ. ತರಬೇಡಿ ಅನ್ನಿ.

ಒಗ್ಗರಣೆಡಬ್ಬಿ

ಅಡುಗೆಗೆ ಬರ್ತೀನಿ. ಆರು ದೊಡ್ಡವರು (ನಿಮ್ಮ ಮಗಳೂ ಸೇರಿ), ಇಬ್ಬರು ಚಿಕ್ಕವರು. ಒಂದು ಹೊತ್ತಿಗೆ ಅಕ್ಕಿ 650 ಗ್ರಾಂ, ಹುಳಿಗೆ ತೊಗರಿಬೇಳೆ 200 ಗ್ರಾಂ, ದಿನಕ್ಕೆ ಒಂದೂವರೆ ತೆಂಗಿನಕಾಯಿ, ಹಾಲು ಮೂರೂವರೆ ಲೀಟರ್ (ಮೊಸರಿಗೆ ಹೆಪ್ಪು ಹಾಕೋದೂ ಸೇರಿ). ಹಾಲಿನವರಿಗೆ ವಾರ ಮುಂಚೆ ಹೇಳಿ. 14.2 ಕೆಜಿ ಸಿಲಿಂಡರ್ ನಿಮಗೆ ಈಗ 40 ದಿನ ಬರ್ತಿದ್ದರೆ ಆಗ 20-22 ದಿನ. ಅವರು ಬರೋ ದಿನ ಎರಡೂ ತುಂಬಿದ ಸಿಲಿಂಡರ್ ಇರಲಿ, ಒಂದು ಖಾಲಿಯಾದ ದಿನವೇ ಬುಕ್ ಮಾಡಿ.

ಇಡ್ಲಿ ಹಿಟ್ಟು ಉಬ್ಬಲ್ಲ ಅನ್ನೋದು ಡಿಸೆಂಬರಿನ ಖಾಯಂ ದೂರು. 4 ಲೋಟ ಇಡ್ಲಿ ಅಕ್ಕಿಗೆ 1 ಲೋಟ ಉದ್ದು, ಒಂದು ಚಮಚ ಮೆಂತ್ಯ: ಎಂಟು ಜನಕ್ಕೆ ಸರಿಹೋಗುತ್ತೆ. ರುಬ್ಬುವಾಗ ಉಗುರುಬೆಚ್ಚಗಿನ ನೀರು ಹಾಕಿ, ಹಿಟ್ಟನ್ನು ಕೈಯಿಂದಲೇ ಕಲಸಿ, ಪಾತ್ರೆಗೆ ಮುಕ್ಕಾಲಿಗಿಂತ ಕಡಿಮೆ ತುಂಬಿ, ಹಳೇ ಕಂಬಳಿ ಸುತ್ತಿ ಇಡಿ. ಬೇಸಿಗೆಯಲ್ಲಿ 8 ಗಂಟೆಗೆ ಆಗೋದು ಮಾಗಿಯಲ್ಲಿ 12ರಿಂದ 14 ಬೇಕು. ಸಂಜೆ 5ಕ್ಕೇ ರುಬ್ಬಿಡಿ. ರಾತ್ರಿ ಹತ್ತಕ್ಕೆ ರುಬ್ಬಿ ಬೆಳಗ್ಗೆ ಏಳಕ್ಕೆ ಇಡ್ಲಿ ಬೇಕು ಅಂದರೆ ಕಲ್ಲೇ ಗತಿ.

ಮಕ್ಕಳಿಗೆ ಅಂತ ಬೇರೆ ಅಡುಗೆ ಶುರು ಮಾಡಬೇಡಿ, ಐದು ವಾರ ನಿಮ್ಮ ಕೈಲಾಗಲ್ಲ. ಬೇಳೆ ತರಕಾರಿ ಬೆಂದಾಗ, ಹುಳಿಪುಡಿ ಹಾಕೋ ಮುಂಚೆ ಎರಡು ಸೌಟು ತೆಗೆದು, ಉಪ್ಪು ತುಪ್ಪ ಜೀರಿಗೆ ಒಗ್ಗರಣೆ ಕೊಟ್ಟರೆ ಅವರ ಊಟ ಆಯ್ತು. ಪಲ್ಯಕ್ಕೂ ಇದೇ ಉಪಾಯ. ಮೆಣಸಿನಕಾಯಿಯನ್ನು ಒಡೆದು ಹಾಕಬೇಡಿ, ಇಡಿಯಾಗಿ ಹಾಕಿ ಆಮೇಲೆ ಎತ್ತಿಬಿಡಿ.

ಅವರೇಕಾಯಿ ಕಾಲದಲ್ಲಿ ಬರ್ತಿದ್ದಾರೆ, ಪುಣ್ಯವಂತರು. ಬಿಡಿಸಿದ ಕಾಳನ್ನು ರಾತ್ರಿ ನೀರಿಗೆ ಹಾಕಿಟ್ಟು, ಬೆಳಗ್ಗೆ ಹಿತಕೋ ಕೆಲಸವನ್ನು ಮಕ್ಕಳಿಗೆ ಕೊಡಿ: ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪಟಕ್ಕನೆ ಹಾರಿ ಹೋಗಿ ಗೋಡೆಗೆ ಬಡಿಯುತ್ತೆ. ಒಂದು ಕೆಜಿ ಕಾಳಿಗೆ ಇಬ್ಬರು ಮಕ್ಕಳು ಮುಕ್ಕಾಲು ಗಂಟೆ ಗಲಾಟೆಯಿಲ್ಲದೆ ಕೂರ್ತಾರೆ. ಮೊಬೈಲ್ ಕೊಡೋದಕ್ಕಿಂತ ಲೇಸು. ನೆಲದ ಮೇಲೆ ಪೇಪರ್ ಹಾಸಿ.

ಫ್ಯೂಸ್‌ಕ್ಯಾರಿಯರ್

ಹಿಟ್ಟಿನ ಪಾತ್ರೆಯನ್ನು ಇನ್ವರ್ಟರ್ ಮೇಲೆ ಇಡ್ತಾರೆ ಕೆಲವರು, ಬೆಚ್ಚಗಿರುತ್ತೆ ಅಂತ. ಉಕ್ಕಿ ಸುರಿದರೆ ಇನ್ವರ್ಟರ್ ಹೋಯ್ತು. ಇಡಬೇಡಿ.

ಧಾರವಾಡದ_ಪೇಡೆ

ಅಕ್ಕಾರ, ನೀರು ಕರೆಂಟಿಂದು ಎಲ್ಲಾ ಹೇಳ್ಯಾರ. ರೊಕ್ಕದ ಮಾತು ಯಾರೂ ಹೇಳಿಲ್ಲ. ಅದನ್ನ ಅವರು ಬರೂಕಿಂತ ಮೊದಲ ಆಡಿಬಿಡ್ರಿ. ಬಂದು ಕುಂತ ಮ್ಯಾಲೆ ಆಡಾಕ ಬರಂಗಿಲ್ಲ. ನೀವು ಆಡೂದಲ್ಲ, ನಿಮ್ಮ ಯಜಮಾನ್ರು ತಮ್ಮ ತಂಗಿ ಜೋಡಿ ಫೋನಿನ್ಯಾಗ ಆಡಬೇಕು. "ಇಷ್ಟು ಕೊಡು" ಅಂತ ಲೆಕ್ಕ ಹೇಳಿದ್ರ ಕೆಡ್ತೈತಿ. ಹಾಲು, ಕಾಯಿಪಲ್ಲೆ, ಹಣ್ಣು ನೀನು ನೋಡ್ಕೊ, ಉಳಿದಿದ್ದು ನಾವು ನೋಡ್ಕೊಂತೀವಿ ಅಂತ ಬಾಬ್ತು ಹಂಚಿಕೊಂಡ್ರ ಯಾರಿಗೂ ಮುಜುಗರ ಇಲ್ಲ. ಅಂಗಡಿಗೆ ಹೋಗೂ ಕೆಲಸ ಅವರಿಗೆ ಸಿಕ್ಕಂಗೂ ಆತು.

ಭಾಂಡಿ ತಿಕ್ಕೂ ಅಕ್ಕಗ ಈಗ ಹೇಳಿಡ್ರಿ: ಇಷ್ಟು ಜನ, ಇಷ್ಟು ದಿನ, ತಿಂಗಳಿಗೆ ಇಷ್ಟು ಹೆಚ್ಚು. ಕಡೀಕ ಸೀರಿ ಕೊಡ್ತೀವಿ ಅಂತ ಸುಮ್ಮನಿದ್ರ ಮೂರನೇ ವಾರಕ್ಕ ಆಕಿ ಬರೂದು ಬಿಡ್ತಾಳ, ಅದು ಆಕಿ ತಪ್ಪಲ್ಲ.

ಮಲಗೂ ವ್ಯವಸ್ಥೆ ನಾ ಹೇಳೂದು ಹಿಂಗ. ಮಗಳ ಖೋಲಿ ಮುಟ್ಟಬ್ಯಾಡ್ರಿ. ಆಕಿ, ಅಜ್ಜಿ ಅಲ್ಲೇ ಇರಲಿ. ನಿಮ್ಮ ಖೋಲಿ ಅವರಿಗೆ ಕೊಟ್ಟು ನೀವು ಹಾಲಿನ್ಯಾಗ ಮಲಗ್ರಿ. ಆ ಮನಷ್ಯಾ ಬೆಳಿಗ್ಗೆ ಹನ್ನೊಂದರ ತನಕ ಮಲಗಾಂವ, ಹಾಲಿನ್ಯಾಗ ಹಾಕಿದ್ರ ಮನ್ಯಾಗ ಎಲ್ಲಾರೂ ಪಿಸುಮಾತಿನ್ಯಾಗ ಬಾಳ್ವೆ ಮಾಡಬೇಕಾಗ್ತೈತಿ. ಶಾಮಿಯಾನದವರ ಹತ್ರ ಬಾಡಿಗಿ ಗಾದಿ ತರಬ್ಯಾಡ್ರಿ, ಅವು ಎರಡು ದಿನದ ಲಗ್ನಕ್ಕ ಸರಿ, ತಿಗಣಿ ಬಂದ್ರ ಹೋಗೂದು ಕಷ್ಟ. 6x3 ಅಡಿದು ಎರಡು ಹತ್ತಿ ಗಾದಿ ಹೊಲಿಸಿ, ಕೆಳಗ ಚಾಪಿ ಹಾಸ್ರಿ, ಇಲ್ಲಾಂದ್ರ ನೆಲದ ತಂಡಿ ಮ್ಯಾಲೆ ಏರ್ತೈತಿ.

ಸೂಜಿಮಲ್ಲಿಗೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೈಬರ್ ಡಬ್ಬಿ ನೋಡಿದೆ, ಹೇಳಿದ ಹಾಗೇ ಮಾಮೂಲಿ ಸಾಕೆಟ್ಟಿನಲ್ಲೇ ಇದೆ.

ಇನ್ನೆರಡು ಉಳಿದಿವೆ. ಜವಳವನ್ನು ಡಿಸೆಂಬರ್ 20ರ ಭಾನುವಾರ ಇಟ್ಟುಕೊಂಡರೆ ನೆಂಟರೆಲ್ಲ ಬರ್ತಾರೆ ಅಂತ ಯೋಚನೆ. ಮತ್ತೆ, ಮಕ್ಕಳಿಗೆ ಜ್ವರ ಭೇದಿ ಆದರೆ ಕೈಗೆ ಏನಿರಬೇಕು? ಅವರೇ ಅಲ್ಲಿಂದ ಔಷಧಿ ತರ್ತಾರಂತೆ, ಅದು ಸಾಕಲ್ಲ?

ಪಂಚಾಂಗದ_ಪುಟ

20ಕ್ಕೆ ಆಗಲ್ಲಮ್ಮ. ಡಿಸೆಂಬರ್ 16ರ ಹೊತ್ತಿಗೆ ಧನುರ್ಮಾಸ ಶುರು, ಸಂಕ್ರಾಂತಿಯವರೆಗೆ (ಜನವರಿ 14 ಅಥವಾ 15) ಜವಳ, ಉಪನಯನ, ಮದುವೆ, ಗೃಹಪ್ರವೇಶಕ್ಕೆ ಮುಹೂರ್ತ ಇಡೋದಿಲ್ಲ. ಡಿಸೆಂಬರಿನಲ್ಲಿ ರಜೆ ಹಾಕಿ ಬರೋರೆಲ್ಲ ಎಡವೋದು ಇಲ್ಲೇ. ನಿಮಗೆ ಉಳಿಯೋದು ಬಂದ ಮಾರನೇ ದಿನದಿಂದ ಮೂರು ದಿನ, ಇಲ್ಲಾ ಹಬ್ಬ ಮುಗಿದು ಹೊರಡೋ ಮುಂಚಿನ ಒಂದೆರಡು ದಿನ. ಮೊದಲನೆಯದರಲ್ಲಿ ಮಗು ಹಗಲೆಲ್ಲ ತೂಕಡಿಸ್ತಿರುತ್ತೆ, ಎರಡನೆಯದರಲ್ಲಿ ಪೆಟ್ಟಿಗೆ ಕಟ್ಟೋ ಗಡಿಬಿಡಿ. ವಾಪಸ್ ಟಿಕೆಟ್ಟನ್ನು ಒಂದು ವಾರ ಮುಂದೆ ಹಾಕೋದು ಸಾಧ್ಯವಾದರೆ ಉತ್ತರಾಯಣದಲ್ಲಿ ನೆಮ್ಮದಿಯಾಗಿ ಮಾಡಬಹುದು. ಆದರೆ ಶಾಲೆ ಗೈರಿನ ಲೆಕ್ಕ ಆಗಲೇ ಅಂಚಿನಲ್ಲಿದೆ ಅಂತ ಮೇಲೆ ಓದಿದೆ.

ಇನ್ನೊಂದು ದಾರಿ: ಮನೆದೇವರ ಸನ್ನಿಧಿಯಲ್ಲಿ ಮುಡಿ ಕೊಡೋದು. ಎಷ್ಟೋ ದೇವಸ್ಥಾನಗಳಲ್ಲಿ ದಿನವೂ ನಡೆಯುತ್ತೆ, ಮುಹೂರ್ತ ನೋಡೋರು ಕಡಿಮೆ. ಶಾಸ್ತ್ರೋಕ್ತ ಜವಳವೇ (ಚೌಲ) ಬೇಕು ಅಂದರೆ ನಿಮ್ಮ ಪುರೋಹಿತರನ್ನು ಈಗಲೇ ಕೇಳಿ, ಸಂಕ್ರಾಂತಿ ಕಳೆದ ಮೊದಲ ಮುಹೂರ್ತಗಳಿಗೆ ಅವರು ಒಂದೇ ದಿನ ಮೂರು ಕಡೆ ಓಡಾಡ್ತಿರ್ತಾರೆ. ನೆಂಟರ ಊಟಕ್ಕೆ ಧನುರ್ಮಾಸ ಅಡ್ಡಿಯಿಲ್ಲ. ಭಾನುವಾರ ಎಲ್ಲರನ್ನೂ ಒಟ್ಟಿಗೆ ಮನೆಗೆ ಕರೆದುಬಿಡಿ, ಅವರು ಹದಿನೈದು ಮನೆಗೆ ಊಟಕ್ಕೆ ಅಲೆಯೋದು ತಪ್ಪುತ್ತೆ. ಹೋಗಲೇಬೇಕಾದ ಮನೆಗಳಿಗೆ ಸಂಜೆ ಕಾಫಿಗೆ ಬರ್ತೀವಿ ಅನ್ನಿ.

ಮಾತ್ರೆಚೀಟಿ

ಔಷಧಿ ಅಂಗಡಿ ಕಡೆಯವಳು. ಅಲ್ಲಿಂದ ತರೋ ಜ್ವರದ ಸಿರಪ್ಪೂ ಇಲ್ಲಿ ಸಿಗೋ ಪ್ಯಾರಾಸಿಟಮಾಲೂ ಒಂದೇ ಔಷಧಿ, ಗಾಢತೆ ಮಾತ್ರ ಬೇರೆ. ಅಲ್ಲಿಯ ಮಕ್ಕಳ ಸಿರಪ್ 5 ಮಿಲಿಗೆ 160 ಮಿಗ್ರಾಂ. ಇಲ್ಲಿ 5 ಮಿಲಿಗೆ 120, 125, 250 ಹೀಗೆ ಹಲವು ಬಗೆ. 16 ಕೆಜಿ ಮಗುವಿಗೆ ಒಂದು ಸಲಕ್ಕೆ 160ರಿಂದ 240 ಮಿಗ್ರಾಂ (ಕೆಜಿಗೆ 10ರಿಂದ 15). ಅಲ್ಲಿಯ ಬಾಟಲಿಯಲ್ಲಿ ಅದು ಹೆಚ್ಚೆಂದರೆ 7.5 ಮಿಲಿ. ಅದೇ 7.5 ಮಿಲಿಯನ್ನು ಇಲ್ಲಿಯ 250ರ ಬಾಟಲಿಯಿಂದ ಕೊಟ್ಟರೆ 375 ಮಿಗ್ರಾಂ, ಮಿತಿಮೀರಿತು. ಅಜ್ಜಿ ಒಂದರಿಂದ, ಅಮ್ಮ ಇನ್ನೊಂದರಿಂದ ಕೊಡೋದೇ ಅಪಾಯ. ಮನೆಯಲ್ಲಿ ಒಂದೇ ಬಾಟಲಿ ಇರಲಿ, ಕೊಟ್ಟ ಹೊತ್ತನ್ನು ಫ್ರಿಜ್ಜಿನ ಮೇಲೆ ಬರೆಯಿರಿ, ಎರಡು ಸಲದ ನಡುವೆ ಕಡೇಪಕ್ಷ 4ರಿಂದ 6 ಗಂಟೆ. ನಾಲ್ಕು ಸಲಕ್ಕಿಂತ ಹೆಚ್ಚು ದಿನಕ್ಕೆ ಬೇಡ.

ಭೇದಿಗೆ ಓಆರ್‌ಎಸ್ ಪೊಟ್ಟಣ ಹತ್ತು ತಂದಿಡಿ. ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೇ ಹಾಕಬೇಕು, ಅರ್ಧ ಲೋಟಕ್ಕೆ ಒಂದು ಚಿಟಿಕೆ ಅಂತ ಅಂದಾಜಿನಲ್ಲಿ ಕಲಸಿದರೆ ಉಪ್ಪಿನಂಶ ಏರುಪೇರಾಗುತ್ತೆ. ಕಲಸಿದ್ದು 24 ಗಂಟೆ ಮಾತ್ರ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಕುದಿಸಿದ ನೀರು, ಮಟ್ಟಸ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಟೆಟ್ರಾ ಪ್ಯಾಕಿನ ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ. ಮಲದಲ್ಲಿ ರಕ್ತ, ಆರೇಳು ಗಂಟೆ ಮೂತ್ರ ಇಲ್ಲದಿರೋದು, ಕುಡಿದದ್ದೆಲ್ಲ ವಾಂತಿ: ಇವುಗಳಲ್ಲಿ ಒಂದಿದ್ದರೂ ಡಾಕ್ಟರ ಹತ್ತಿರ. ಭೇದಿ ನಿಲ್ಲಿಸೋ ಮಾತ್ರೆ ಮಕ್ಕಳಿಗೆ ನೀವೇ ಕೊಡಬೇಡಿ.

ಕುಡಿಯೋಕೆ ಆರ್‌ಓ ಆಗಲಿ, ಒಂದು ನಿಮಿಷ ಕೊತಕೊತ ಕುದಿಸಿದ್ದಾಗಲಿ, ಎರಡೂ ಸರಿ. ಜನ ಮರೆಯೋದು ಹಲ್ಲುಜ್ಜೋ ನೀರು. ಚಿಕ್ಕವನು ಬಚ್ಚಲ ನಲ್ಲಿ ನೀರು ಬಾಯಿಗೆ ಹಾಕಿಕೊಂಡು ನುಂಗ್ತಾನೆ, ಅಲ್ಲೊಂದು ಬಾಟಲಿ ಇಡಿ. ಹೊರಗೆ ತಿಂದಾಗ ಬಿಸಿ ದೋಸೆ ತೊಂದರೆ ಕೊಡಲ್ಲ, ಪಕ್ಕದ ಹಸಿ ಚಟ್ನಿ ಕೊಡುತ್ತೆ.

ಟೈಫಾಯ್ಡ್ ಚುಚ್ಚುಮದ್ದು ಹೊರಡೋಕೆ ಎರಡು ವಾರ ಮುಂಚೆ ಆಗಿರಬೇಕು. ಅಲ್ಲಿ ಹಾಕೋದು ಎರಡು ವರ್ಷಕ್ಕೆ ಮಾತ್ರ ರಕ್ಷಣೆ, ಹೋದ ಸಲದ್ದು ಲೆಕ್ಕಕ್ಕೆ ಬರದೇ ಇರಬಹುದು. ಇನ್ನು ನಾಯಿ. ಅಲ್ಲಿಯ ಮಕ್ಕಳು ಕಂಡ ನಾಯಿಯನ್ನೆಲ್ಲ ಮುಟ್ಟೋಕೆ ಹೋಗ್ತಾರೆ. ಕಚ್ಚಿದರೆ, ಪರಚಿದರೂ ಸರಿ, ಹರಿಯೋ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ. ಅರಿಶಿನ ಮೆತ್ತಬೇಡಿ.

ಗೂಡ್ಸ್‌ಶೆಡ್

ಓಡಾಟದ ಬಗ್ಗೆ ನಾನು. ನಾಲ್ಕು ಜನ, ತಲೆಗೆ 23 ಕೆಜಿಯ ಎರಡರಂತೆ ಎಂಟು ಪೆಟ್ಟಿಗೆ, ಮೇಲೆ ಕೈಚೀಲಗಳು. ಇನ್ನೋವಾದ ಹಿಂದಿನ ಸೀಟು ಮಡಿಸಿದರೂ ಎಂಟು ಹಿಡಿಸಲ್ಲ, ಮೇಲೆ ಕ್ಯಾರಿಯರ್ ಇರೋದನ್ನೇ ಕೇಳಿ, ಇಲ್ಲಾ ಟೆಂಪೋ ಟ್ರಾವೆಲರ್. ಸ್ವಾಗತಕ್ಕೆ ಅಂತ ನೀವಿಬ್ಬರೂ ಅದೇ ಗಾಡಿಯಲ್ಲಿ ಹೋದರೆ ಜಾಗದ ಕಥೆ ಮುಗೀತು. ಬೆಂಗಳೂರು ವಿಮಾನ ನಿಲ್ದಾಣದಿಂದ ಮೈಸೂರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಕೂಡ ಇದೆ, ನಾಲ್ಕು ಗಂಟೆಗೂ ಮೇಲೆ ಹಿಡಿಯುತ್ತೆ. ಮಕ್ಕಳ ಕಾರ್ ಸೀಟು ಟ್ಯಾಕ್ಸಿಗಳಲ್ಲಿ ಇರಲ್ಲ, ಅವರೇ ತರಬೇಕು.

ಹಂಪಿಯಂಥ ದೊಡ್ಡ ಪ್ರವಾಸವನ್ನು ಮಗಳ ಪ್ರಿಪರೇಟರಿ ವಾರಕ್ಕೇ ಹಾಕಿ. ಅವರು ನಾಲ್ಕು ದಿನ ಹೊರಗೆ, ಮಗಳಿಗೆ ಮನೆ ಖಾಲಿ. ಮೈಸೂರಿನಿಂದ ಹಂಪಿ ಎಕ್ಸ್‌ಪ್ರೆಸ್ ನೇರವಾಗಿ ಹೊಸಪೇಟೆಗೆ ಹೋಗುತ್ತೆ. ರಿಸರ್ವೇಶನ್ ಈಗ 60 ದಿನ ಮುಂಚೆ ಮಾತ್ರ ತೆರೆಯೋದು (2024ರ ಅಕ್ಟೋಬರ್‌ವರೆಗೆ 120 ಇತ್ತು). ಜನವರಿ 6ಕ್ಕೆ ಹೊರಡೋದಾದರೆ ನವೆಂಬರ್ 7ರ ಬೆಳಗ್ಗೆ 8ಕ್ಕೆ ನೀವು ಬುಕ್ ಮಾಡಬೇಕು. ಬಂದ ಮೇಲೆ ತತ್ಕಾಲ್ ಮಾಡ್ತೀವಿ ಅಂದರೆ ಆಗಲ್ಲ, 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಬೇಕು, ಅವರ ಹತ್ತಿರ ಅದು ಇರೋದು ಅನುಮಾನ. ಓಸಿಐ ಇರೋ ದೊಡ್ಡವರು ಸ್ಮಾರಕಗಳಲ್ಲಿ ಭಾರತೀಯರ ದರದ ಟಿಕೆಟ್ಟೇ ಕೊಳ್ಳಬಹುದು, ಕಾರ್ಡ್ ಜೊತೆಗಿರಲಿ. 15ರ ಒಳಗಿನವರಿಗೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟಿಕೆಟ್ಟೇ ಇಲ್ಲ.

ಡಿಸೆಂಬರ್ 24ರಿಂದ ಜನವರಿ 2ರವರೆಗೆ ಮೈಸೂರಿನ ಪ್ರವಾಸಿ ಜಾಗಗಳು, ಕೊಡಗು, ಊಟಿ ಯಾವ ಕಡೆಯೂ ತಲೆ ಹಾಕಬೇಡಿ. ಅರಮನೆ ದೀಪ ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ, ಮೃಗಾಲಯಕ್ಕೆ ಮಂಗಳವಾರ ರಜೆ. ಊಟಿಗೆ ಹೋದರೆ ಬಂಡೀಪುರ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತೆ, ಎಂಟೂವರೆಯೊಳಗೆ ಗೇಟು ದಾಟೋ ಹಾಗೆ ಹೊರಡಿ.

ವಾಪಸ್ ಪೆಟ್ಟಿಗೆ ಕಟ್ಟುವಾಗ ಅತ್ತೆಯವರಿಗೆ ಮೊದಲೇ ಹೇಳಿಬಿಡಿ: ಕರಿಬೇವು, ಹಸಿ ಹಣ್ಣು, ಅಕ್ಕಿ ಅಮೆರಿಕದೊಳಗೆ ಬಿಡಲ್ಲ. ಸಾರಿನಪುಡಿ, ಹುಳಿಪುಡಿ ಧಾರಾಳವಾಗಿ ಹೋಗುತ್ತೆ, ಕೈಚೀಲದಲ್ಲಿ 350 ಮಿಲಿ ಡಬ್ಬಿಗಿಂತ ಹೆಚ್ಚಿನ ಪುಡಿ ಇದ್ದರೆ ತಡೆಯುತ್ತಾರೆ, ಹಾಗಾಗಿ ಪೆಟ್ಟಿಗೆಗೆ ಹಾಕಿ. ಉಪ್ಪಿನಕಾಯಿಯೂ ಪೆಟ್ಟಿಗೆಗೇ. ಬಾಟಲಿ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಟೇಪ್ ಸುತ್ತಿ, ಎರಡು ಕವರಿನೊಳಗೆ ಹಾಕಿ ಬಟ್ಟೆ ನಡುವೆ ನಿಲ್ಲಿಸಿ. ಮೇಲೆ ಎರಡು ಬೆರಳು ಜಾಗ ಬಿಡದೆ ಎಣ್ಣೆ ತುಂಬಿದರೆ ಸೋರುತ್ತೆ. ಸಂಕ್ರಾಂತಿ ಆದ ಮಾರನೇ ದಿನಗಳಲ್ಲಿ ಹೊರಡೋದರಿಂದ ಇದೊಂದು ಮುಖ್ಯ: ಕೊಬ್ಬರಿ ಗಿಟುಕು ಕೈಚೀಲಕ್ಕೂ ಬೇಡ, ಪೆಟ್ಟಿಗೆಗೂ ಬೇಡ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳೋ ವಸ್ತು ಅಂತ ವಿಮಾನದಲ್ಲಿ ನಿಷೇಧ. ಸ್ಕ್ಯಾನರಿನಲ್ಲಿ ದುಂಡಗೆ ಕಂಡ ಕೂಡಲೇ ಪೆಟ್ಟಿಗೆ ತೆಗೆಸ್ತಾರೆ, ಆಗ ಕಟ್ಟಿದ್ದೆಲ್ಲ ಮತ್ತೆ ಕಟ್ಟಬೇಕು. ಸಕ್ಕರೆ ಅಚ್ಚು ಕಳಿಸಿ, ಅದಕ್ಕೆ ಅಡ್ಡಿಯಿಲ್ಲ.